ಆಟದ ಬಯಲಿನಲ್ಲಿ ಹಲ್ಲಿಗೊಂದು ಕವಚ

ಹಲ್ಲಿದ್ದವನಿಗೆ ಕಡಲೆಯಿಲ್ಲ, ಕಡಲೆಯಿದ್ದವನಿಗೆ ಹಲ್ಲಿಲ್ಲ ಎಂಬುದು ನಮ್ಮ ಹಿರಿಯರ ಗಾದೆ. ಮುಪ್ಪಿನಲ್ಲಿ ಹಲ್ಲು ಉದುರುವುದು ಪ್ರಕೃತಿಯ ನಿಯಮ. ಅದಕ್ಕಾಗಿ ಯಾರೂ ಮರುಗುವುದಿಲ್ಲ. ಆದರೆ ಹತ್ತು ಹನ್ನೆರಡರ ಎಳೆಯ ಪ್ರಾಯದಲ್ಲಿ, ಬಾಳಿನುದ್ದಕ್ಕೂ ಇರಬೇಕಾದ ಬಾಚಿಹಲ್ಲನ್ನು ಆಟದ ಬಯಲಿನಲ್ಲಿ ಬಿಟ್ಟು ಮನೆಗೆ ಬರುವ ಮಗುವನ್ನು ಕಂಡಾಗ ಯಾವ ತಾಯಿಯ ಕರುಳು ತಾನೇ ಚುರುಕ್ಕೆನ್ನದು? ಈ ನಷ್ಟವನ್ನು ಬಹುಮಟ್ಟಿಗೆ ತಪ್ಪಿಸಬಲ್ಲ ಒಂದು ಸಣ್ಣ ಸಾಧನವಿದೆ. ಅದೇ ಹಲ್ಲಿನ ಕವಚ. ಕ್ರೀಡಾಪಟುಗಳು ಮೌತ್‌ಗಾರ್ಡ್ ಎಂದು ಕರೆಯುವ, ಮೇಲ್ದವಡೆಯ ಹಲ್ಲುಗಳನ್ನು ಅಪ್ಪಿಕೊಂಡು ಕುಳಿತುಕೊಳ್ಳುವ ಮೆತ್ತನೆಯ ಹೊದಿಕೆ. ಅದು ಯಾವ ಪದಾರ್ಥದಿಂದ ಆಗಿರಬೇಕು, ಎಷ್ಟು ದಪ್ಪವಿರಬೇಕು, ಪೆಟ್ಟನ್ನು ಅದು ನಿಜವಾಗಿ ಹೀರುತ್ತದೆಯೇ ಎಂಬುದನ್ನು ವಿಜ್ಞಾನಿಗಳು ಹೇಗೆ ಪರೀಕ್ಷಿಸಿ ತಿಳಿದರು ಎಂಬುದನ್ನು ನಮ್ಮ ಓದುಗರ ಮುಂದಿಡುವುದೇ ಈ ಲೇಖನದ ಉದ್ದೇಶ.

ಮೈಸೂರಿನಿಂದ ಹುಣಸೂರಿಗೆ ಹೋಗುವ ಹೆದ್ದಾರಿಯಲ್ಲಿ ಬಿಳಿಕೆರೆ ಒಂದು ಕೂಡುದಾರಿ. ಕೃಷ್ಣರಾಜನಗರ, ಹಾಸನಗಳ ಕಡೆಗೆ ಹೋಗುವ ರಸ್ತೆ ಇಲ್ಲಿಯೇ ಕವಲೊಡೆಯುತ್ತದೆ. ಕೊಡಗಿಗೆ ಹೋಗುವವರೂ ಇದೇ ಹಾದಿಯವರು. ಹೋಬಳಿ ಕೇಂದ್ರವಾದ ಈ ಊರಿಗೂ ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆ ತಾಲ್ಲೂಕುಗಳ ಇತರ ಊರುಗಳಿಗೂ ಆಟದ ಹುರುಪು ಹೊಸದಲ್ಲ. ಮಳೆಗಾಲದಲ್ಲಿ, ಹಿರಿಯರು ಹೊಗೆಸೊಪ್ಪು ಬೇಯಿಸುವ ಕೆಲಸದಲ್ಲಿ ಮುಳುಗಿರುವ ದಿನಗಳಲ್ಲಿಯೇ, ಹೋಬಳಿ ಮಟ್ಟದ ಶಾಲಾ ಕ್ರೀಡಾಕೂಟಗಳು ನಡೆಯುತ್ತವೆ. ಅಲ್ಲಿ ಗೆದ್ದವರು ತಾಲ್ಲೂಕಿಗೆ, ಅಲ್ಲಿಂದ ಜಿಲ್ಲೆಗೆ ಹೋಗುತ್ತಾರೆ. ಕಬಡ್ಡಿಯಲ್ಲಿ ತಲೆಗೆ ತಲೆ ತಾಗುತ್ತದೆ. ಹಿಡಿಯಲು ಬಂದವನ ಮೊಣಕೈ ದಾಳಿಗಾರನ ಬಾಯಿಗೆ ಬಡಿಯುತ್ತದೆ. ಖೋ ಖೋ ಆಟದಲ್ಲಿ ಧುಮುಕಿದವರ ಮುಖ ನೆಲಕ್ಕೋ ಕಂಬಕ್ಕೋ ತಾಗುವುದುಂಟು. ಕ್ರಿಕೆಟ್ಟಿನ ಚೆಂಡಂತೂ ಹೇಳಿ ಬರುವುದಿಲ್ಲ. ಮಂಡಿಗೆ ಪಟ್ಟಿ, ಕಾಲಿಗೆ ಶೂ ಕೊಡಿಸುವ ತಂದೆತಾಯಿಗಳು ಬಾಯಿಯನ್ನು ಮಾತ್ರ ದೇವರ ಮೇಲೆ ಬಿಟ್ಟಿರುತ್ತಾರೆ.

ಒಂದು ಹಲ್ಲು ಹೋದರೆ ಏನು ಹೋದಂತೆ?

ಒಂದೇ ಹಲ್ಲು ತಾನೇ ಎಂದು ಹೇಳುವವರಿದ್ದಾರೆ. ಆಟದಲ್ಲಿ ಹೆಚ್ಚಾಗಿ ಪೆಟ್ಟು ತಿನ್ನುವುದು ಮೇಲ್ದವಡೆಯ ನಡುವಿನ ಎರಡು ಬಾಚಿಹಲ್ಲುಗಳು. ಅವು ಮಗುವಿಗೆ ಆರರಿಂದ ಎಂಟು ವರ್ಷದೊಳಗೆ ಹುಟ್ಟಿಬರುವ ಶಾಶ್ವತ ಹಲ್ಲುಗಳು. ಹೋದರೆ ಮತ್ತೆ ಬರುವುದಿಲ್ಲ. ಹುಟ್ಟಿದ ಮೇಲೂ ಅವುಗಳ ಬೇರು ಪೂರ್ಣವಾಗಿ ಬಲಿಯಲು ಎರಡು ಮೂರು ವರ್ಷ ಬೇಕು. ಆ ಅವಧಿಯಲ್ಲಿ ಬಿದ್ದ ಪೆಟ್ಟು ಹಲ್ಲನ್ನು ಒಡೆಯದಿದ್ದರೂ ಒಳಗಿನ ತಿರುಳನ್ನು ಸಾಯಿಸಬಹುದು. ತಿಂಗಳುಗಳ ನಂತರ ಹಲ್ಲು ಕಪ್ಪಾದಾಗಲೇ ಮನೆಯವರಿಗೆ ತಿಳಿಯುವುದು.

ಹಲ್ಲು ಹೋದರೆ ಹೋಗುವುದು ಅಂದವೊಂದೇ ಎಂದು ತಿಳಿಯಬಾರದು. ನಮ್ಮ ವರ್ಣಮಾಲೆಯ ತ, ಥ, ದ, ಧ, ನ ಎಂಬ ಅಕ್ಷರಗಳಿಗೆ ದಂತ್ಯಗಳೆಂದೇ ಹೆಸರು. ನಾಲಿಗೆ ಹಲ್ಲಿನ ಹಿಂಬದಿಯನ್ನು ತಾಗಿದಾಗ ಹುಟ್ಟುವ ಸ್ವರೂಪ ಅವುಗಳದು. ಮುಂದಿನ ಹಲ್ಲಿಲ್ಲದ ಮಗುವಿನ ಮಾತು ತೊದಲುತ್ತದೆ. ತರಗತಿಯಲ್ಲಿ ಎದ್ದು ನಿಂತು ಓದಲು ಹಿಂಜರಿಯುತ್ತದೆ. ನಗುವಾಗ ಕೈಯನ್ನು ಬಾಯಿಗೆ ಅಡ್ಡ ಹಿಡಿಯುತ್ತದೆ. ಹೆಣ್ಣುಮಕ್ಕಳ ವಿಷಯದಲ್ಲಿ ಇದು ಇನ್ನೊಂದು ತಿರುವನ್ನು ಪಡೆಯುತ್ತದೆ. ಕಬಡ್ಡಿ ಆಡಿ ಹಲ್ಲು ಮುರಿದುಕೊಂಡರೆ ನಾಳೆ ವರನ ಕಡೆಯವರು ಏನೆಂದಾರು ಎಂಬ ಅಳುಕಿನಿಂದಲೇ ಪ್ರತಿಭಾವಂತ ಹುಡುಗಿಯರನ್ನು ಆಟದಿಂದ ಬಿಡಿಸುವ ಮನೆಗಳು ನಮ್ಮಲ್ಲಿ ಇನ್ನೂ ಇವೆ. ಆಟ ಬಿಡಿಸುವುದು ಪರಿಹಾರವಲ್ಲ. ರಕ್ಷಣೆ ಒದಗಿಸುವುದು ಪರಿಹಾರ.

ಗರಡಿಯ ಮಣ್ಣು ಹೇಳುವ ಪಾಠ

ಪೆಟ್ಟನ್ನು ಹೀರುವ ವಿದ್ಯೆ ನಮ್ಮ ನಾಡಿಗೆ ಅಪರಿಚಿತವೇನಲ್ಲ. ಮೈಸೂರು ಸೀಮೆ ಗರಡಿಮನೆಗಳಿಗೆ ಹೆಸರಾದದ್ದು. ದಸರಾ ಕುಸ್ತಿ ಪಂದ್ಯಗಳು ಇಂದಿಗೂ ಸಾವಿರಾರು ಜನರನ್ನು ಸೆಳೆಯುತ್ತವೆ. ಸುತ್ತೂರು ಜಾತ್ರೆಯಲ್ಲಿಯೂ ಕುಸ್ತಿ ಒಂದು ಮುಖ್ಯ ಆಕರ್ಷಣೆ. ವಿಜಯದಶಮಿಯಂದು ಅರಮನೆಯ ಅಂಗಳದಲ್ಲಿ ನಡೆಯುವ ಜೆಟ್ಟಿಗಳ ವಜ್ರಮುಷ್ಟಿ ಕಾಳಗವನ್ನು ತಲೆಯಲ್ಲಿ ರಕ್ತ ಕಂಡೊಡನೆ ನಿಲ್ಲಿಸುವುದು ಸಂಪ್ರದಾಯ. ಗರಡಿಯ ಅಖಾಡದಲ್ಲಿ ಕೆಮ್ಮಣ್ಣನ್ನು ಜರಡಿ ಹಿಡಿದು, ಎಣ್ಣೆ, ಮಜ್ಜಿಗೆ, ಅರಿಶಿನ ಬೆರೆಸಿ, ದಿನವೂ ಗುದ್ದಲಿಯಿಂದ ಸಡಿಲಗೊಳಿಸುವುದು ಏಕೆ? ಬಿದ್ದ ಪೈಲ್ವಾನನ ಮೈಗೆ ನೆಲದ ಪೆಟ್ಟು ತಾಗಬಾರದೆಂದು. ಗಟ್ಟಿ ನೆಲ ಒಮ್ಮೆಲೇ ತಡೆಯುತ್ತದೆ. ಸಡಿಲ ಮಣ್ಣು ತಾನು ಸರಿದು, ನಿಧಾನವಾಗಿ ತಡೆಯುತ್ತದೆ. ಹಲ್ಲಿನ ಕವಚದ ತತ್ತ್ವವೂ ಇದೇ.

ಇದನ್ನು ಲೆಕ್ಕದಲ್ಲಿ ನೋಡೋಣ. ಕ್ರಿಕೆಟ್ ಚೆಂಡಿನ ತೂಕ ಸುಮಾರು 160 ಗ್ರಾಂ. ಹಾಕಿ ಚೆಂಡಿನದೂ ಹೆಚ್ಚು ಕಡಿಮೆ ಅಷ್ಟೇ. ಅದು ಗಂಟೆಗೆ 72 ಕಿಲೋಮೀಟರ್ ವೇಗದಲ್ಲಿ, ಅಂದರೆ ಸೆಕೆಂಡಿಗೆ 20 ಮೀಟರ್ ವೇಗದಲ್ಲಿ ಬಂದು, ಒಂದು ಸೆಕೆಂಡಿನ ಸಾವಿರದ ಒಂದು ಭಾಗದಲ್ಲಿ ನಿಂತುಬಿಟ್ಟರೆ, ತಾಗಿದ ಜಾಗದ ಮೇಲೆ ಬೀಳುವ ಸರಾಸರಿ ಬಲ 3,200 ನ್ಯೂಟನ್. ಇದು ಮೂರು ಕ್ವಿಂಟಲಿಗೂ ಮೀರಿದ ಭಾರವನ್ನು ಕ್ಷಣಮಾತ್ರ ಹಲ್ಲಿನ ಮೇಲೆ ಹೇರಿದಂತೆ. ಅದೇ ಚೆಂಡು ನಿಲ್ಲಲು ಸಾವಿರದ ನಾಲ್ಕು ಭಾಗದಷ್ಟು ಹೊತ್ತು ತೆಗೆದುಕೊಂಡರೆ ಬಲ 800 ನ್ಯೂಟನ್ನಿಗೆ ಇಳಿಯುತ್ತದೆ. ಅಂದರೆ ಸುಮಾರು 80 ಕಿಲೋ ಭಾರ. ಚೆಂಡು ಅದೇ, ವೇಗ ಅದೇ. ಬದಲಾದದ್ದು ನಿಲ್ಲುವ ಕಾಲ ಮಾತ್ರ. ಕ್ಯಾಚ್ ಹಿಡಿಯುವ ಆಟಗಾರ ಕೈಯನ್ನು ಹಿಂದಕ್ಕೆ ಎಳೆದುಕೊಳ್ಳುವುದು ಈ ಕಾಲವನ್ನು ಗಳಿಸುವುದಕ್ಕಾಗಿಯೇ. ಹಲ್ಲಿಗೆ ಹಿಂದೆ ಸರಿಯುವ ಸ್ವಾತಂತ್ರ್ಯವಿಲ್ಲ. ಆದ್ದರಿಂದ ಅದರ ಮುಂದೆ ಒಂದು ಮೆತ್ತೆ ಬೇಕು.

ಮೆತ್ತೆ ಮಾಡುವ ಎರಡನೆಯ ಉಪಕಾರವೆಂದರೆ ಹಂಚಿಕೆ. ಒಂದು ಹಲ್ಲಿನ ತುದಿಗೆ ಬಿದ್ದ ಪೆಟ್ಟನ್ನು ಅದು ಅಕ್ಕಪಕ್ಕದ ಹಲ್ಲುಗಳಿಗೆಲ್ಲ ಹರಡುತ್ತದೆ. ಜೊತೆಗೆ ತುಟಿ, ಕೆನ್ನೆಗಳು ಹಲ್ಲಿಗೆ ಒತ್ತಿ ಸೀಳದಂತೆ, ಮೇಲಿನ ಹಲ್ಲೂ ಕೆಳಗಿನ ಹಲ್ಲೂ ಒಂದಕ್ಕೊಂದು ಬಡಿದುಕೊಳ್ಳದಂತೆ ತಡೆಯುತ್ತದೆ.

ಮುಷ್ಟಿಯುದ್ಧದಿಂದ ಬಂದ ಕವಚ

ಹಲ್ಲಿನ ಕವಚ ಹುಟ್ಟಿದ್ದು ಮುಷ್ಟಿಯುದ್ಧದ ಕಣದಲ್ಲಿ. 1890ರ ಸುಮಾರಿಗೆ ಲಂಡನ್ನಿನ ದಂತವೈದ್ಯ ವುಲ್ಫ್ ಕ್ರೌಸ್ ಎಂಬಾತ ಬಾಕ್ಸರುಗಳ ಬಾಚಿಹಲ್ಲುಗಳ ಮೇಲೆ ಗಟ್ಟಾಪರ್ಚಾ ಎಂಬ ಮರದ ಹಾಲಿನಿಂದಾದ ಅಂಟುಪಟ್ಟಿಯನ್ನು ಅಂಟಿಸಿ ಕಣಕ್ಕೆ ಕಳುಹಿಸತೊಡಗಿದ. ಅವನ ಮಗ ಫಿಲಿಪ್ ಕ್ರೌಸ್ ತೆಗೆದು ಮತ್ತೆ ಹಾಕಿಕೊಳ್ಳಬಹುದಾದ ರಬ್ಬರಿನ ಕವಚವನ್ನು ರೂಪಿಸಿದ. ಆರಂಭದಲ್ಲಿ ಇದನ್ನು ಹೇಡಿಗಳ ಸಾಧನವೆಂದು ಆಕ್ಷೇಪಿಸಿದವರೂ ಇದ್ದರು. 1927ರಲ್ಲಿ ಜಾಕ್ ಶಾರ್ಕಿ ಮತ್ತು ಮೈಕ್ ಮ್ಯಾಕ್‌ಟೀಗ್ ನಡುವಿನ ಪಂದ್ಯದಲ್ಲಿ ಮ್ಯಾಕ್‌ಟೀಗನ ಚೂರಾದ ಹಲ್ಲು ಅವನ ತುಟಿಯನ್ನೇ ಕೊಯ್ದು, ಮೇಲುಗೈ ಸಾಧಿಸಿದ್ದ ಅವನು ಪಂದ್ಯವನ್ನು ಬಿಟ್ಟುಕೊಡಬೇಕಾಯಿತು. ಅಲ್ಲಿಂದ ಮುಂದೆ ಕವಚದ ಬಳಕೆ ಬಾಕ್ಸಿಂಗ್‌ನಲ್ಲಿ ಬೇರೂರಿತು. 1947ರಲ್ಲಿ ಲಾಸ್ ಏಂಜಲೀಸ್‌ನ ದಂತವೈದ್ಯ ರಾಡ್ನಿ ಲಿಲಿಕ್ವಿಸ್ಟ್ ಫುಟ್‌ಬಾಲ್ ಆಟಗಾರನೊಬ್ಬನಿಗೆ ಅಕ್ರಿಲಿಕ್ ರಾಳದಿಂದ ಹಲ್ಲಿನ ಅಳತೆಗೆ ಸರಿಯಾದ ತೆಳುಕವಚವನ್ನು ಮಾಡಿಕೊಟ್ಟ. 1962ರ ಹೊತ್ತಿಗೆ ಅಮೆರಿಕದ ಪ್ರೌಢಶಾಲೆಗಳ ಫುಟ್‌ಬಾಲ್ ಆಟದಲ್ಲಿ ಕವಚ ಕಡ್ಡಾಯವಾಯಿತು.

ಕಡ್ಡಾಯ ಮಾಡಿದ್ದರಿಂದ ಫಲವೇನು ಎಂಬುದಕ್ಕೆ ನ್ಯೂಜಿಲೆಂಡ್ ದೇಶ ಉತ್ತರ ಕೊಟ್ಟಿದೆ. ಅಲ್ಲಿ ರಗ್ಬಿ ಆಟ ಮನೆಮಾತು. 1990ರ ದಶಕದ ಕೊನೆಯಲ್ಲಿ ಆ ಆಟಕ್ಕೆ ಹಲ್ಲಿನ ಕವಚವನ್ನು ಹಂತಹಂತವಾಗಿ ಕಡ್ಡಾಯಗೊಳಿಸಲಾಯಿತು. ಕವಚ ಧರಿಸುವವರ ಪ್ರಮಾಣ 1993ರಲ್ಲಿ ಶೇಕಡಾ 67 ಇದ್ದದ್ದು 2003ರಲ್ಲಿ ಶೇಕಡಾ 93ಕ್ಕೆ ಏರಿತು. 1995ರಿಂದ 2003ರ ಅವಧಿಯಲ್ಲಿ ರಗ್ಬಿಯಿಂದಾದ ಹಲ್ಲಿನ ಗಾಯಗಳಿಗೆ ಸರ್ಕಾರಿ ವಿಮೆಯಿಂದ ಪರಿಹಾರ ಕೋರಿದ ಅರ್ಜಿಗಳು ಶೇಕಡಾ 43ರಷ್ಟು ಇಳಿದವು.

ನಮ್ಮ ನೆರೆಯ ಕೊಡಗಿನಲ್ಲಿ 1997ರಿಂದ ಕೊಡವ ಕುಟುಂಬಗಳ ಹಾಕಿ ಉತ್ಸವ ನಡೆದುಬಂದಿದೆ. ಹಿರಿಯರು ಕಿರಿಯರೆನ್ನದೆ, ಗಂಡು ಹೆಣ್ಣೆನ್ನದೆ ಒಂದೇ ಮನೆತನದವರು ಒಂದು ತಂಡವಾಗಿ ಆಡುತ್ತಾರೆ. ಅಂತರರಾಷ್ಟ್ರೀಯ ಹಾಕಿ ನಿಯಮಾವಳಿಯು ಆಟಗಾರರು ಮೊಣಕಾಲ ಕೆಳಗಿನ ರಕ್ಷೆಯೊಡನೆ ಬಾಯಿಯ ರಕ್ಷೆಯನ್ನೂ ಧರಿಸಬೇಕೆಂದು ಶಿಫಾರಸು ಮಾಡುತ್ತದೆ. ಶಿಫಾರಸು ಇದ್ದಲ್ಲಿಯೂ ರೂಢಿ ಬೇಕು. ನಮ್ಮ ಹಳ್ಳಿಗಳ ಕಬಡ್ಡಿ, ಕುಸ್ತಿಗಳಲ್ಲಿ ಆ ರೂಢಿ ಇನ್ನೂ ಮೊಳೆಯಬೇಕಾಗಿದೆ.

ಯಾವ ಪದಾರ್ಥ?

ಒಂದು ಕಾಲಕ್ಕೆ ಗಟ್ಟಾಪರ್ಚಾ, ಆಮೇಲೆ ರಬ್ಬರು, ಅಕ್ರಿಲಿಕ್, ಪಾಲಿವಿನೈಲ್ ಕ್ಲೋರೈಡ್, ಪಾಲಿಯುರಿಥೇನ್, ಸಿಲಿಕೋನ್ ಹೀಗೆ ಹಲವನ್ನು ಬಳಸಿ ನೋಡಿದ್ದಾರೆ. ಇಂದು ಬಹುಪಾಲು ಕವಚಗಳು ಎಥಿಲೀನ್ ವಿನೈಲ್ ಅಸಿಟೇಟ್ ಎಂಬ ಪಾಲಿಮರಿನಿಂದ ಆದವು. ಇ.ವಿ.ಎ. ಎಂಬುದು ಅದರ ಕಿರುಹೆಸರು. ಹೆಸರು ಉದ್ದವಾದರೂ ಪದಾರ್ಥ ನಮಗೆ ಹೊಸದಲ್ಲ. ಓಟದ ಶೂಗಳ, ಹಗುರ ಚಪ್ಪಲಿಗಳ ಮೆತ್ತನೆಯ ಅಟ್ಟೆ ಬಹುತೇಕ ಇದೇ ಇ.ವಿ.ಎ.ಯ ನೊರೆರೂಪ, ಹಲ್ಲಿನ ಕವಚದಲ್ಲಿ ಅದನ್ನು ನೊರೆಯಿಲ್ಲದ ಘನಹಾಳೆಯಾಗಿ ಬಳಸುತ್ತಾರೆ.

ಇದರಲ್ಲಿ ವಿನೈಲ್ ಅಸಿಟೇಟಿನ ಪಾಲು ಹೆಚ್ಚಿದಷ್ಟೂ ಹಾಳೆ ಮೆತ್ತಗಾಗುತ್ತದೆ, ಕಡಿಮೆಯಾದಷ್ಟೂ ಬಿರುಸಾಗುತ್ತದೆ. ಬಿಸಿ ಮಾಡಿದರೆ ಬಾಗಿ ಅಚ್ಚಿನ ಆಕಾರ ತಳೆಯುತ್ತದೆ. ತಣಿದ ಮೇಲೆ ಆ ಆಕಾರವನ್ನು ಉಳಿಸಿಕೊಳ್ಳುತ್ತದೆ. ವಾಸನೆ, ರುಚಿಗಳಿಲ್ಲ, ಬಾಯೊಳಗಿನ ತೇವದಲ್ಲಿ ಬೇಗ ಕೆಡುವುದಿಲ್ಲ. ಪದಾರ್ಥ ತೀರ ಮೆತ್ತಗಿದ್ದರೆ ಪೆಟ್ಟು ಅದನ್ನು ಒತ್ತಿ ತೆಳುವಾಗಿಸಿ ನೇರವಾಗಿ ಹಲ್ಲನ್ನು ತಲಪುತ್ತದೆ. ತೀರ ಗಟ್ಟಿಯಿದ್ದರೆ ತಾನು ಕುಗ್ಗದೆ ಇಡೀ ಪೆಟ್ಟನ್ನು ಹಲ್ಲಿಗೆ ದಾಟಿಸುತ್ತದೆ. ಈ ಎರಡರ ನಡುವಿನ ಹದವನ್ನು ಕಂಡುಕೊಳ್ಳುವುದಕ್ಕಾಗಿಯೇ ಪರೀಕ್ಷೆಗಳು ಬೇಕಾದದ್ದು.

ಪರೀಕ್ಷೆ ನಡೆಯುವ ಬಗೆ

ಪರೀಕ್ಷೆಯ ವಿಧಾನ ಮುಖ್ಯವಾಗಿ ಎರಡು. ಒಂದರಲ್ಲಿ ಗೊತ್ತಾದ ತೂಕದ ಉಕ್ಕಿನ ಗುಂಡನ್ನು ಗೊತ್ತಾದ ಎತ್ತರದಿಂದ ಹಾಳೆಯ ಮೇಲೆ ಬೀಳಿಸುತ್ತಾರೆ. ಇನ್ನೊಂದರಲ್ಲಿ ಗಡಿಯಾರದ ಲೋಲಕದಂತೆ ತೂಗುವ ತೋಳಿನ ತುದಿಗೆ ಭಾರ ಕಟ್ಟಿ, ಒಂದು ಕೋನದಿಂದ ಬಿಟ್ಟು ಹಾಳೆಗೆ ಅಪ್ಪಳಿಸುವಂತೆ ಮಾಡುತ್ತಾರೆ. ಒಂದು ಕಿಲೋ ಭಾರವನ್ನು 45 ಸೆಂಟಿಮೀಟರ್ ಎತ್ತರದಿಂದ ಬಿಟ್ಟರೆ ಅದು ಹಾಳೆಯನ್ನು ತಾಗುವಾಗ ಸೆಕೆಂಡಿಗೆ ಸುಮಾರು 3 ಮೀಟರ್ ವೇಗದಲ್ಲಿರುತ್ತದೆ. ಅದರ ಶಕ್ತಿ ಸುಮಾರು 4.4 ಜೌಲ್. ಪ್ರಯೋಗಾಲಯಗಳಲ್ಲಿ ಬಳಸುವ ಪೆಟ್ಟು ಸಾಮಾನ್ಯವಾಗಿ ಈ ಪ್ರಮಾಣದ್ದು.

ಹಾಳೆಯ ಕೆಳಗೆ ಬಲವನ್ನು ಅಳೆಯುವ ಸಂವೇದಕವಿರುತ್ತದೆ. ಮೊದಲು ಹಾಳೆಯಿಲ್ಲದೆ ಪೆಟ್ಟು ಕೊಟ್ಟು, ಎಷ್ಟು ಬಲ ತಲಪಿತೆಂದು ಗುರುತಿಸುತ್ತಾರೆ. ಅನಂತರ ಹಾಳೆಯನ್ನಿಟ್ಟು ಅದೇ ಪೆಟ್ಟನ್ನು ಕೊಡುತ್ತಾರೆ. ಮೊದಲಿನದು 100 ಇದ್ದು, ಹಾಳೆಯನ್ನಿಟ್ಟಾಗ 40 ಬಂದರೆ, ಹಾಳೆ ಹೀರಿದ್ದು ಶೇಕಡಾ 60 ಎಂದು ಲೆಕ್ಕ. ಒಂದೇ ಪೆಟ್ಟಿಗೆ ತೀರ್ಮಾನಿಸದೆ ಹಲವು ತುಂಡುಗಳ ಮೇಲೆ ಮರಳಿ ಮರಳಿ ಪರೀಕ್ಷಿಸಿ ಸರಾಸರಿ ತೆಗೆಯುತ್ತಾರೆ. ಬಾಯೊಳಗಿನ ಬಿಸುಪು ಸುಮಾರು 37 ಡಿಗ್ರಿ ಸೆಲ್ಸಿಯಸ್. ಪ್ಲಾಸ್ಟಿಕ್ ಹಾಳೆ ಬಿಸುಪಿನಲ್ಲಿ ಮೆತ್ತಗಾಗುವುದರಿಂದ, ಕೋಣೆಯ ತಂಪಿನಲ್ಲಿ ಮಾಡಿದ ಪರೀಕ್ಷೆಗಿಂತ ಆ ಬಿಸುಪಿನಲ್ಲಿ ಮಾಡಿದ ಪರೀಕ್ಷೆ ನಿಜಕ್ಕೆ ಹತ್ತಿರ.

ಪರೀಕ್ಷೆ ಕಲಿಸಿದ ನಾಲ್ಕು ಪಾಠಗಳು

ಮೊದಲನೆಯದು ದಪ್ಪದ ಪಾಠ. ಆಸ್ಟ್ರೇಲಿಯಾದ ಸಂಶೋಧಕರು 2002ರಲ್ಲಿ ಬೇರೆ ಬೇರೆ ದಪ್ಪದ ಇ.ವಿ.ಎ. ಹಾಳೆಗಳನ್ನು ಲೋಲಕದ ಪೆಟ್ಟಿಗೆ ಒಡ್ಡಿದರು. ದಪ್ಪ 2 ಮಿಲಿಮೀಟರಿನಿಂದ 4 ಮಿಲಿಮೀಟರಿಗೆ ಏರಿದಾಗ ದಾಟಿಹೋಗುವ ಬಲ ಕಡಿದಾಗಿ ಇಳಿಯಿತು. 4ರಿಂದ 6ಕ್ಕೆ ಏರಿಸಿದಾಗ ದೊರೆತ ಹೆಚ್ಚಿನ ಲಾಭ ಅತ್ಯಲ್ಪ. ಅತಿ ದಪ್ಪದ ಕವಚದಿಂದ ಮಾತಿಗೂ ಉಸಿರಿಗೂ ತೊಡಕಾಗಿ ಆಟಗಾರ ಅದನ್ನು ತೆಗೆದು ಜೇಬಿಗೆ ಹಾಕುತ್ತಾನೆ. ಜೇಬಿನಲ್ಲಿರುವ ಕವಚ ಹಲ್ಲನ್ನು ಕಾಯದು. ಆದ್ದರಿಂದ ಸುಮಾರು 4 ಮಿಲಿಮೀಟರ್ ಎಂಬುದು ರಕ್ಷಣೆಗೂ ಸೌಕರ್ಯಕ್ಕೂ ಹೊಂದುವ ಅಳತೆಯೆಂದು ಅವರು ಕಂಡರು.

ಎರಡನೆಯದು ಗಾಳಿಯ ಪಾಠ. ಅದೇ ಸಂಶೋಧಕರು 4 ಮಿಲಿಮೀಟರ್ ಹಾಳೆಯೊಳಗೆ ಮುಚ್ಚಿದ ಸಣ್ಣ ಗಾಳಿಗೂಡುಗಳನ್ನಿರಿಸಿ ನೋಡಿದಾಗ, ಅದೇ ದಪ್ಪದ ಘನಹಾಳೆಗೆ ಹೋಲಿಸಿದರೆ ದಾಟಿಹೋದ ಬಲ ಶೇಕಡಾ 32ರಷ್ಟು ಕಡಿಮೆಯಾಯಿತು. ಸಡಿಲ ಮಣ್ಣಿನೊಳಗಿನ ಗಾಳಿಯೇ ಪೈಲ್ವಾನನನ್ನು ಕಾಯುವಂತೆ ಇಲ್ಲಿಯೂ ಗಾಳಿಯೇ ಸಹಾಯಕ.

ಮೂರನೆಯದು ಗಟ್ಟಿ ಪದರದ ಪಾಠ. ಎರಡು ಮೆತ್ತನೆಯ ಪದರಗಳ ನಡುವೆ ಬಿರುಸಾದ ಪದರವೊಂದನ್ನು ಸೇರಿಸಿದರೆ ಕವಚ ಇನ್ನಷ್ಟು ಬಲವಾಗುವುದೆಂದು ಯಾರಿಗಾದರೂ ತೋರುವುದು ಸಹಜ. ಆದರೆ ಆಸ್ಟ್ರೇಲಿಯಾದ ಪರೀಕ್ಷೆಯಲ್ಲಿ ಅಂಥ ಹಾಳೆ ಶಕ್ತಿಯನ್ನು ಹೀರುವುದರಲ್ಲಿ ಹಿಂದೆ ಬಿದ್ದಿತು. ಜಪಾನಿನ ಸಂಶೋಧಕರು ಗಟ್ಟಿ ಪದರವನ್ನಿರಿಸಿ, ಅದರ ಹಿಂದೆ ಬಾಚಿಹಲ್ಲು ತಾಗದಂತೆ ಕಿರುಜಾಗವನ್ನೂ ಬಿಟ್ಟಾಗ ಒಳ್ಳೆಯ ಫಲ ದೊರೆಯಿತು. ಬಲವಾದದ್ದೆಲ್ಲ ರಕ್ಷಕವಲ್ಲ, ಅದನ್ನು ಎಲ್ಲಿ, ಹೇಗೆ ಇರಿಸಿದೆ ಎಂಬುದೇ ಮುಖ್ಯ.

ನಾಲ್ಕನೆಯದು ಎಲ್ಲಕ್ಕಿಂತ ಮಹತ್ವದ್ದು. 2004ರಲ್ಲಿ ಪ್ರಕಟವಾದ ಜಪಾನಿನ ಅಧ್ಯಯನವೊಂದರಲ್ಲಿ ಒಂದೇ ಪದಾರ್ಥದ ಕವಚಕ್ಕೆ ಬೇರೆ ಬೇರೆ ವಸ್ತುಗಳಿಂದ ಪೆಟ್ಟು ಕೊಟ್ಟರು. ಉಕ್ಕಿನ ಗುಂಡು ತಾಗಿದಾಗ ಕವಚ ಶೇಕಡಾ 60ಕ್ಕೂ ಹೆಚ್ಚು ಬಲವನ್ನು ಹೀರಿತು. ಮರದ ಬ್ಯಾಟಿನ ಪೆಟ್ಟಿನಲ್ಲಿ ಶೇಕಡಾ 38ರಷ್ಟು. ಬೇಸ್‌ಬಾಲ್ ಮೊದಲಾದ ಚೆಂಡುಗಳಲ್ಲಿ ಮಾತ್ರ ಈ ಪ್ರಮಾಣ ಶೇಕಡಾ 6ನ್ನು ದಾಟಲಿಲ್ಲ. ಚೆಂಡು ತಾನೇ ಸ್ವಲ್ಪ ಕುಗ್ಗಿ ಪೆಟ್ಟಿನ ಕಾಲವನ್ನು ಹಿಗ್ಗಿಸಿಕೊಂಡಿರುವುದರಿಂದ ಕವಚಕ್ಕೆ ಮಾಡಲು ಉಳಿಯುವ ಕೆಲಸ ಕಡಿಮೆ. ಇದರಿಂದ ಗ್ರಾಹಕರಾದ ನಾವು ತಿಳಿಯಬೇಕಾದದ್ದು ಇಷ್ಟು: ಶೇಕಡಾ ಇಷ್ಟು ಪೆಟ್ಟನ್ನು ಹೀರುತ್ತದೆ ಎಂಬ ಜಾಹೀರಾತಿನ ಅಂಕಿಗೆ, ಯಾವ ವಸ್ತುವಿನ ಪೆಟ್ಟು, ಎಷ್ಟು ಶಕ್ತಿಯದು, ಎಷ್ಟು ದಪ್ಪದ ಹಾಳೆ, ಎಷ್ಟು ಬಿಸುಪಿನಲ್ಲಿ ಎಂಬ ನಾಲ್ಕು ಪ್ರಶ್ನೆಗಳಿಗೆ ಉತ್ತರವಿಲ್ಲದಿದ್ದರೆ ಅರ್ಥವೇ ಇಲ್ಲ.

ಕವಚಕ್ಕೂ ಮಿತಿಯಿದೆ

ಕವಚ ಧರಿಸಿದವನಿಗೆ ಏನೂ ಆಗದು ಎಂದು ನಾವು ಹೇಳುತ್ತಿಲ್ಲ. ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ 2007ರಲ್ಲಿ ನಡೆಸಿದ ವಿಮರ್ಶೆಯ ಪ್ರಕಾರ, ಕವಚವಿಲ್ಲದೆ ಆಡುವವರಿಗೆ ಬಾಯಿಮುಖಗಳ ಗಾಯದ ಸಂಭವ ಕವಚ ಧರಿಸಿದವರಿಗಿಂತ 1.6ರಿಂದ 1.9 ಪಟ್ಟು ಹೆಚ್ಚು. ಮೆದುಳಿಗೆ ಆಗುವ ಆಘಾತವನ್ನೂ ಕವಚ ತಡೆಯುತ್ತದೆಯೆಂಬ ಮಾತಿಗೆ ಎಲ್ಲ ಆಟಗಳಲ್ಲಿಯೂ ಒಂದೇ ಬಗೆಯ ಆಧಾರ ದೊರೆತಿಲ್ಲ. ಅದನ್ನು ನಂಬಿ ಹೆಲ್ಮೆಟ್ಟನ್ನು ಬಿಡುವುದು ಅವಿವೇಕ.

ನಮ್ಮ ನಾಡಿನ ಅನಿಲ್ ಕುಂಬ್ಳೆ ಅವರ ಪ್ರಸಂಗ ಇಲ್ಲಿ ನೆನಪಾಗುತ್ತದೆ. 2002ರ ಮೇ ತಿಂಗಳಲ್ಲಿ ವೆಸ್ಟ್ ಇಂಡೀಸಿನ ಆಂಟಿಗಾದಲ್ಲಿ ಬ್ಯಾಟ್ ಮಾಡುವಾಗ ಮರ್ವಿನ್ ಡಿಲ್ಲನ್ ಎಸೆದ ಚೆಂಡು ತಾಗಿ ಅವರ ದವಡೆ ಮುರಿಯಿತು. ಮುಖಕ್ಕೆ ಬಟ್ಟೆ ಕಟ್ಟಿಕೊಂಡೇ ಅವರು 14 ಓವರುಗಳನ್ನು ಎಸೆದು ಬ್ರಯನ್ ಲಾರಾ ಅವರ ವಿಕೆಟ್ ಪಡೆದದ್ದನ್ನು ಕ್ರೀಡಾಲೋಕ ಮರೆತಿಲ್ಲ. ಅವರ ಧೈರ್ಯವನ್ನು ನಾವು ಕೊಂಡಾಡೋಣ. ಆದರೆ ನಮ್ಮ ಮಕ್ಕಳು ಆ ಧೈರ್ಯವನ್ನು ತೋರಬೇಕಾದ ಸಂದರ್ಭವೇ ಬಾರದಂತೆ ನೋಡಿಕೊಳ್ಳುವುದು ಹಿರಿಯರ ಕರ್ತವ್ಯ.

ಯಾವ ಕವಚವನ್ನು ಕೊಡಿಸಬೇಕು?

ಕವಚಗಳಲ್ಲಿ ಮೂರು ಬಗೆ. ಅಂಗಡಿಯಲ್ಲಿ ಸಿದ್ಧವಾಗಿ ದೊರೆಯುವುದು ಮೊದಲನೆಯದು. ಇದು ಅಗ್ಗ, ಆದರೆ ಹಲ್ಲುಗಳನ್ನು ಕಚ್ಚಿ ಒತ್ತಿಹಿಡಿದಾಗ ಮಾತ್ರ ನಿಲ್ಲುತ್ತದೆ, ಬಾಯಿ ತೆರೆದರೆ ಜಾರುತ್ತದೆ. ಕಬಡ್ಡಿ ಕಬಡ್ಡಿ ಎಂದು ಉಸುರುತ್ತಲೇ ಇರಬೇಕಾದ ಆಟಕ್ಕೆ ಇದು ಸಲ್ಲದು. ಎರಡನೆಯದು ಬಿಸಿನೀರಿನಲ್ಲಿ ಅದ್ದಿ, ಮೆತ್ತಗಾದ ಮೇಲೆ ಬಾಯಲ್ಲಿಟ್ಟು ಕಚ್ಚಿ ರೂಪಿಸಿಕೊಳ್ಳುವುದು. ಕ್ರೀಡಾಸಾಮಗ್ರಿಗಳ ಅಂಗಡಿಗಳಲ್ಲಿ ಹೆಚ್ಚಾಗಿ ದೊರೆಯುವುದು ಇದೇ. ಬಲವಾಗಿ ಕಚ್ಚಿಬಿಟ್ಟರೆ ಹಲ್ಲಿನ ತುದಿಯಲ್ಲಿ ಪದರ ತೀರ ತೆಳುವಾಗುವುದು ಇದರ ದೋಷ. ಮೆಲ್ಲನೆ ಕಚ್ಚಿ, ತುಟಿಯ ಮೇಲಿನಿಂದ ಬೆರಳಿನಲ್ಲಿ ಒತ್ತಿ ರೂಪಿಸಬೇಕು. ಮೂರನೆಯದು ದಂತವೈದ್ಯರು ಹಲ್ಲಿನ ಅಚ್ಚು ತೆಗೆದು, ಅದರ ಮೇಲೆ ಬಿಸಿಮಾಡಿದ ಇ.ವಿ.ಎ. ಹಾಳೆಯನ್ನು ಎಳೆದು ಮಾಡಿಕೊಡುವುದು. ಎಲ್ಲ ರೀತಿಯಿಂದಲೂ ಇದೇ ಉತ್ತಮ. ಎಳೆದಾಗ ಹಾಳೆ ತೆಳುವಾಗುವುದರಿಂದ 4 ಮಿಲಿಮೀಟರ್ ಹಾಳೆಯಿಂದ ಆದ ಕವಚ ಎಲ್ಲ ಕಡೆಯೂ 4 ಮಿಲಿಮೀಟರ್ ಉಳಿಯುವುದಿಲ್ಲ. ಸಿದ್ಧವಾದ ಮೇಲೆ ಬಾಚಿಹಲ್ಲಿನ ಮುಂಭಾಗದಲ್ಲಿ ಎಷ್ಟು ದಪ್ಪ ಉಳಿದಿದೆಯೆಂದು ವೈದ್ಯರನ್ನು ಕೇಳುವುದರಲ್ಲಿ ಸಂಕೋಚ ಬೇಡ.

ಬೆಳೆಯುವ ಮಕ್ಕಳ ದವಡೆ ಬದಲಾಗುತ್ತಿರುತ್ತದೆ. ಕಳೆದ ವರ್ಷದ ಕವಚ ಈ ವರ್ಷಕ್ಕೆ ಬಿಗಿಯಾದರೆ ಬದಲಿಸಬೇಕು. ಹಲ್ಲಿಗೆ ತಂತಿ ಕಟ್ಟಿಸಿದ ಮಕ್ಕಳೂ ಮುಂಚಾಚಿದ ಹಲ್ಲಿನ ಮಕ್ಕಳೂ ವೈದ್ಯರ ಸಲಹೆಯಿಂದಲೇ ಕವಚ ಪಡೆಯಬೇಕು. ಬಳಸಿದ ಮೇಲೆ ತಣ್ಣೀರಿನಲ್ಲಿ ಬ್ರಷ್ಷಿನಿಂದ ತೊಳೆದು, ಗಾಳಿಯಾಡುವ ಡಬ್ಬಿಯಲ್ಲಿಡಬೇಕು. ಬಿಸಿನೀರಿನಿಂದಲೂ ಬಿಸಿಲಿನಲ್ಲಿ ನಿಂತ ವಾಹನದ ಕಾವಿನಿಂದಲೂ ಅದರ ಆಕಾರ ಕೆಡುತ್ತದೆ. ಒಬ್ಬರ ಕವಚವನ್ನು ಇನ್ನೊಬ್ಬರು ಧರಿಸಲೇಬಾರದು.

ಶಾಲೆಯಲ್ಲಿಯೇ ಒಂದು ಪ್ರಯೋಗ

ಪೆಟ್ಟು ಹೀರುವ ಗುಣವನ್ನು ಹಳ್ಳಿಯ ಪ್ರೌಢಶಾಲೆಯ ಮಕ್ಕಳೂ ಅಳೆದು ನೋಡಬಹುದು. ಬೇರಿಂಗಿನ ಉಕ್ಕಿನ ಗುಂಡು, ಒಂದು ಮೀಟರ್ ಅಳತೆಪಟ್ಟಿ, ಕಲ್ಲಿನ ಚಪ್ಪಡಿ, ಹಳೆಯ ಚಪ್ಪಲಿಯ ಅಟ್ಟೆ, ಸೈಕಲ್ ಟ್ಯೂಬಿನ ತುಂಡು, ದಪ್ಪ ಪ್ಲಾಸ್ಟಿಕ್ ಹಾಳೆ ಇವಿಷ್ಟು ಸಾಕು. ಪ್ರತಿಯೊಂದು ತುಂಡನ್ನೂ ಚಪ್ಪಡಿಯ ಮೇಲಿಟ್ಟು, ಗುಂಡನ್ನು ಒಂದು ಮೀಟರ್ ಎತ್ತರದಿಂದ ಬಿಟ್ಟು, ಅದು ಎಷ್ಟು ಎತ್ತರ ಪುಟಿಯಿತೆಂದು ಗುರುತಿಸಬೇಕು. 30 ಸೆಂಟಿಮೀಟರ್ ಪುಟಿದರೆ ಶಕ್ತಿಯ ಶೇಕಡಾ 30 ಹಿಂದಿರುಗಿತು, ಉಳಿದ 70 ಅಲ್ಲಿಯೇ ಕಳೆಯಿತು ಎಂದರ್ಥ. ಅನಂತರ ಹದವಾದ ಜೇಡಿಮಣ್ಣಿನ ಉಂಡೆಯನ್ನು ತಟ್ಟಿ, ಅದರ ಮೇಲೆ ಅದೇ ತುಂಡುಗಳನ್ನಿಟ್ಟು ಗುಂಡು ಬೀಳಿಸಿ, ಮಣ್ಣಿನಲ್ಲಿ ಮೂಡಿದ ಕುಳಿಯ ಆಳವನ್ನು ಅಳೆಯಬೇಕು. ಪುಟಿತ ಕಡಿಮೆಯಿದ್ದ ತುಂಡಿನಡಿಯಲ್ಲಿ ಕುಳಿಯೂ ಕಡಿಮೆಯಿತ್ತೇ? ದಪ್ಪವನ್ನು ಎರಡರಷ್ಟು ಮಾಡಿದಾಗ ಏನಾಯಿತು? ಇಂಥ ಪ್ರಶ್ನೆಗಳಿಂದ ಮಕ್ಕಳು ಕಲಿಯುವ ಭೌತವಿಜ್ಞಾನ ಬಾಯಿಪಾಠದಿಂದ ಬರುವಂಥದ್ದಲ್ಲ.

ಇದರ ಮುಂದಿನ ಹೆಜ್ಜೆಗೆ ಬೇಕಾದ ಅನುಕೂಲ ಮೈಸೂರಿನಲ್ಲಿಯೇ ಇದೆ. ಸುತ್ತೂರು ಶ್ರೀಮಠದ ಜೆ.ಎಸ್.ಎಸ್. ಮಹಾವಿದ್ಯಾಪೀಠವು 1963ರಲ್ಲಿ ಆರಂಭಿಸಿದ ಶ್ರೀ ಜಯಚಾಮರಾಜೇಂದ್ರ ಇಂಜಿನಿಯರಿಂಗ್ ಕಾಲೇಜಿನಲ್ಲಿ ಪಾಲಿಮರ್ ವಿಜ್ಞಾನದ ವಿಭಾಗವಿದೆ; 1986ರಲ್ಲಿ ಆರಂಭವಾದ ದಂತವೈದ್ಯಕೀಯ ಕಾಲೇಜೂ ಅದೇ ವಿದ್ಯಾಪೀಠದ್ದು. ಪ್ಲಾಸ್ಟಿಕ್ಕುಗಳ ಪರೀಕ್ಷೆಗೆ ಹೆಸರಾದ ಕೇಂದ್ರ ಸರ್ಕಾರದ ಸಿಪೆಟ್ ಸಂಸ್ಥೆಯ ಶಾಖೆ ಹೆಬ್ಬಾಳ ಕೈಗಾರಿಕಾ ಪ್ರದೇಶದಲ್ಲಿದೆ. ಹಲ್ಲನ್ನು ಬಲ್ಲವರೂ ಪಾಲಿಮರನ್ನು ಬಲ್ಲವರೂ ಒಂದೇ ಊರಿನಲ್ಲಿರುವಾಗ, ಕಬಡ್ಡಿಯ ಮೊಣಕೈ ಪೆಟ್ಟಿಗೂ ಕುಸ್ತಿಯ ತಲೆಪೆಟ್ಟಿಗೂ ಹೊಂದುವ, ಬಡ ಮಕ್ಕಳ ಕೈಗೆಟುಕುವ ಕವಚವೊಂದನ್ನು ಪರೀಕ್ಷಿಸಿ ರೂಪಿಸುವುದು ಆಗದ ಮಾತಲ್ಲ. ಹೊರದೇಶಗಳ ಪರೀಕ್ಷೆಗಳು ರಗ್ಬಿ, ಬೇಸ್‌ಬಾಲ್‌ಗಳಿಗಾಗಿ ನಡೆದವು. ನಮ್ಮ ಆಟಗಳ ಪರೀಕ್ಷೆಯನ್ನು ನಾವೇ ಮಾಡಬೇಕು.

ಹಲ್ಲು ಕಿತ್ತುಬಂದರೆ

ಇಷ್ಟಾದರೂ ಅವಘಡ ನಡೆದರೆ ಏನು ಮಾಡಬೇಕೆಂಬುದು ಪ್ರತಿ ಮನೆಗೂ ತಿಳಿದಿರಬೇಕು. ಶಾಶ್ವತ ಹಲ್ಲು ಬೇರುಸಹಿತ ಕಿತ್ತುಬಂದರೆ ಅದನ್ನು ಹುಡುಕಿ, ಬಿಳಿಯ ತುದಿಯನ್ನು ಮಾತ್ರ ಹಿಡಿದೆತ್ತಬೇಕು. ಬೇರನ್ನು ಮುಟ್ಟಬಾರದು, ಉಜ್ಜಬಾರದು. ಮಣ್ಣಾಗಿದ್ದರೆ ಹಾಲಿನಲ್ಲಿಯೋ ಶುದ್ಧ ನೀರಿನಲ್ಲಿಯೋ ಕ್ಷಣಕಾಲ ತೊಳೆದು, ಅದೇ ಕುಳಿಯಲ್ಲಿ ಸರಿಯಾದ ದಿಕ್ಕಿನಲ್ಲಿ ಕೂರಿಸಿ, ಶುಭ್ರ ಬಟ್ಟೆಯನ್ನು ಕಚ್ಚಿಸಿ ವೈದ್ಯರಲ್ಲಿಗೆ ಕರೆದೊಯ್ಯಬೇಕು. ಕೂರಿಸಲಾಗದಿದ್ದರೆ ಹಲ್ಲನ್ನು ತಣ್ಣನೆಯ ಹಾಲಿನಲ್ಲಿಡಬೇಕು. ಬೇರಿನ ಮೇಲಿನ ಜೀವಕೋಶಗಳನ್ನು ಹಾಲು ಕೆಲವು ಗಂಟೆ ಉಳಿಸುತ್ತದೆ. ನೀರು ಉಳಿಸುವುದಿಲ್ಲ, ಬಟ್ಟೆಯಲ್ಲಿ ಸುತ್ತಿದರೆ ಒಣಗಿ ಸಾಯುತ್ತವೆ. ಅರ್ಧ ಗಂಟೆಯೊಳಗೆ ಹೋದರೆ ಹಲ್ಲು ಉಳಿಯುವ ಸಂಭವ ಹೆಚ್ಚು. ಒಂದು ಗಂಟೆ ಒಣಗಿದ ಮೇಲೆ ಬಹಳ ಕಡಿಮೆ. ಕಳಚಿದ್ದು ಹಾಲುಹಲ್ಲಾದರೆ ಮತ್ತೆ ಕೂರಿಸಬಾರದು. ಆದರೂ ವೈದ್ಯರಿಗೆ ತೋರಿಸಬೇಕು. ಬಯಲಿನ ಮಣ್ಣು ತಾಗಿದ ಗಾಯಕ್ಕೆ ಧನುರ್ವಾಯು ಚುಚ್ಚುಮದ್ದಿನ ಬಗೆಗೂ ವಿಚಾರಿಸಬೇಕು.

ಬಿಳಿಕೆರೆಯಂಥ ಊರಿನಿಂದ ಹುಣಸೂರಿಗಾಗಲಿ ಮೈಸೂರಿಗಾಗಲಿ ಒಂದು ಗಂಟೆಯೊಳಗೆ ತಲಪಬಹುದು. ಹೈನು ಇಲ್ಲದ ಊರು ನಮ್ಮ ಸೀಮೆಯಲ್ಲಿ ಯಾವುದಿದೆ? ಕ್ರೀಡಾಕೂಟದ ಬಯಲಿನಲ್ಲಿ ಪ್ರಥಮ ಚಿಕಿತ್ಸೆಯ ಪೆಟ್ಟಿಗೆಯ ಪಕ್ಕದಲ್ಲಿ ಒಂದು ಲೋಟ ಹಾಲಿರಲಿ. ವೈದ್ಯರ ದೂರವಾಣಿ ಸಂಖ್ಯೆಯನ್ನು ಬರೆದಿಟ್ಟ ಚೀಟಿಯಿರಲಿ. ಇದನ್ನೆಲ್ಲ ಬಲ್ಲ ಒಬ್ಬ ಶಿಕ್ಷಕರಿರಲಿ.

ಜಾತ್ರೆ, ಉತ್ಸವಗಳಲ್ಲಿ ಗೆದ್ದವರಿಗೆ ಬೆಳ್ಳಿಯ ಗದೆಯನ್ನೂ ನಗದು ಬಹುಮಾನವನ್ನೂ ಕೊಡುವ ದಾನಿಗಳು ನಮ್ಮಲ್ಲಿ ಅನೇಕರಿದ್ದಾರೆ. ಅವರು ತಮ್ಮ ಊರಿನ ಶಾಲೆಯ ಕಬಡ್ಡಿ ತಂಡಕ್ಕೆ, ಗರಡಿಯ ಎಳೆಯ ಪೈಲ್ವಾನರಿಗೆ ಹಲ್ಲಿನ ಕವಚಗಳನ್ನು ಕೊಡಿಸಿದರೆ ಅದೂ ಒಂದು ಸತ್ಕಾರ್ಯವೇ. ಈ ಸಲದ ಹೋಬಳಿ ಕ್ರೀಡಾಕೂಟ ಆರಂಭವಾಗುವ ಮುನ್ನ ತಂದೆತಾಯಿಗಳೂ ಶಿಕ್ಷಕರೂ ಕೂಡಿ ಈ ಬಗ್ಗೆ ಯೋಚಿಸಲಿ ಎಂದು ನಾವು ಹಾರೈಸುತ್ತೇವೆ.